ನಳಿಕೆಯ ಮೇಲಿನ ಹೆಸರು

ವೈದ್ಯರ ಮುಂದೆ ಕುಳಿತವರಿಗೆಲ್ಲ ಇಂದು ಪರಿಚಿತವಾದ ದೃಶ್ಯವೊಂದುಂಟು. ರೋಗಿಯ ಮುಖವನ್ನು ನೋಡುವುದಕ್ಕೆ ಮೊದಲು ವೈದ್ಯರ ಕಣ್ಣು ಅವನ ಕೈಯಲ್ಲಿರುವ ಕಾಗದದ ಕಡೆಗೆ ಹೋಗುತ್ತದೆ. ಎಡಗಡೆ ಪರೀಕ್ಷೆಗಳ ಹೆಸರು, ನಡುವೆ ಅಂಕಿ, ಬಲಗಡೆ ಆರೋಗ್ಯವಂತರಲ್ಲಿ ಅದು ಎಷ್ಟರಿಂದ ಎಷ್ಟರವರೆಗೆ ಇರಬೇಕೆಂಬ ಮೇರೆ. ಅಂಕಿ ಮೇರೆಯೊಳಗಿದ್ದರೆ ಮನೆಯವರಿಗೆ ನೆಮ್ಮದಿ. ದಾಟಿದ್ದರೆ ಆ ಮನೆಯಲ್ಲಿ ಅಂದು ರಾತ್ರಿ ಯಾರಿಗೂ ಊಟ ಸೇರುವುದಿಲ್ಲ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಮ್ಮ ನೈಯಾಯಿಕರು ನಾಲ್ಕು ಪ್ರಮಾಣಗಳನ್ನು ಎಣಿಸಿದರು. ಪ್ರಯೋಗಶಾಲೆಯ ಅಂಕಿ ಇವುಗಳಲ್ಲಿ ಯಾವುದು? ಅದನ್ನು ಅಳೆದವನಿಗೆ ಪ್ರತ್ಯಕ್ಷವಿರಬಹುದು, ವೈದ್ಯರಿಗೆ ಅನುಮಾನಕ್ಕೆ ಆಧಾರವಿರಬಹುದು. ರೋಗಿಯ ಪಾಲಿಗಂತೂ ಅದು ಆಪ್ತವಾಕ್ಯವೇ. ಆಪ್ತನು ಯಾರು, ಅವನು ಸರಿಯಾಗಿ ನೋಡಿದನೆ, ನೋಡಿದ ರಕ್ತ ನನ್ನದೇ ಹೌದೆ ಎಂದು ಅವನು ಕೇಳುವುದಿಲ್ಲ. ಹಾಗೆ ಕೇಳಿದವರ ಕಥೆಯನ್ನು ಈ ಭಾಷಣದಲ್ಲಿ ಹೇಳಬೇಕೆಂದಿದ್ದೇನೆ. ಆಶ್ಚರ್ಯವೆಂದರೆ ಅವರು ರೋಗಿಗಳಲ್ಲ, ಪ್ರಯೋಗಶಾಲೆಯವರೇ.

ಕನ್ನಡ ಕಲಿಸಿ ನಿವೃತ್ತನಾದವನಿಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರವೇನು ಎಂದು ಕೇಳುಗರು ಕೇಳಬಹುದು. ವೈದ್ಯಕೀಯದಲ್ಲಿ ನನಗೆ ಅಧಿಕಾರವಿಲ್ಲ. ಆದರೆ ತಪ್ಪುಗಳ ವಿಷಯದಲ್ಲಿ ಸ್ವಲ್ಪ ಪರಿಶ್ರಮವುಂಟು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ೧೯೬೪ರಲ್ಲಿ ಹೊರಬಂದ ಗ್ರಂಥ. ಎಂ.ಎ. ತರಗತಿಯಲ್ಲಿ ಅದನ್ನು ಓದಿದವರಿಗೆ, ಮುಂದೆ ಅದನ್ನೇ ಪಾಠ ಹೇಳಿದವರಿಗೆ, ಓಲೆಗರಿಯ ಲಿಪಿಕಾರ ಹೇಗೆಲ್ಲ ತಪ್ಪುತ್ತಾನೆಂಬುದು ಒಂದು ರೀತಿಯ ಮನೆಮಾತು. ವಕಾರವನ್ನು ಪಕಾರವೆಂದು ಓದುತ್ತಾನೆ. ಎರಡು ಸಾಲುಗಳಲ್ಲಿ ಒಂದೇ ಪದ ಬಂದಿದ್ದರೆ ಕಣ್ಣು ಜಾರಿ ನಡುವಿನದನ್ನು ಬಿಟ್ಟುಬಿಡುತ್ತಾನೆ. ಗರಿಗಳ ಕ್ರಮ ತಪ್ಪಿದ್ದರೆ ಒಬ್ಬ ಕವಿಯ ಪದ್ಯ ಇನ್ನೊಬ್ಬನ ಕಾವ್ಯದೊಳಗೆ ಹೋಗಿ ಸೇರುತ್ತದೆ. ಲಿಪಿಕಾರ ಮೂರ್ಖನಾಗಿರಲಿಲ್ಲ, ಎಷ್ಟೋ ವೇಳೆ ವಿದ್ವಾಂಸನೇ ಆಗಿದ್ದ. ಸಾವಿರ ಗರಿ ಬರೆಯುವವನ ಕೈ ಎಲ್ಲಿ ಸೋಲುತ್ತದೆಂದು ತಿಳಿಯುವುದೇ ಸಂಪಾದನಶಾಸ್ತ್ರದ ಮೊದಲ ಪಾಠ. ರಕ್ತಪರೀಕ್ಷೆಯ ಇತಿಹಾಸವನ್ನು ಓದುತ್ತ ಹೋದಂತೆ ನನಗೆ ಈ ಹಳೆಯ ಪಾಠವೇ ಮತ್ತೆ ಮತ್ತೆ ನೆನಪಾಯಿತು.

ಪ್ರಯೋಗಶಾಲೆ ಆಸ್ಪತ್ರೆಯೊಳಗೆ ನೆಲೆಯೂರಿದ್ದು ತೀರ ಹಿಂದಿನ ಮಾತಲ್ಲ. ಮೂತ್ರದ ಬಣ್ಣವನ್ನು ನೋಡಿ ರೋಗವನ್ನು ಊಹಿಸುವ ವಿದ್ಯೆ ಪ್ರಾಚೀನವಾದದ್ದೇ. ಆದರೆ ಕೆಲವು ಹನಿ ರಕ್ತದಲ್ಲಿ ಸಕ್ಕರೆ ಎಷ್ಟಿದೆಯೆಂದು ಅಳೆದು ಹೇಳುವ ಸುಲಭ ಮಾರ್ಗಗಳು ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಹಾರ್ವರ್ಡಿನ ಆಟೋ ಫೋಲಿನ್ ಮತ್ತು ಅಲ್ಲಿಗೆ ಚೀನಾದಿಂದ ಬಂದಿದ್ದ ಶಿಯೆನ್ ವೂ ೧೯೧೯–೨೦ರಲ್ಲಿ ಪ್ರಕಟಿಸಿದ ವಿಧಾನ ಬಹುಬೇಗ ಹರಡಿತು. ಅಳೆಯುವ ಉಪಕರಣ ಬಹುಪಾಲು ಮನುಷ್ಯನ ಕಣ್ಣೇ: ಒಂದು ಕಡೆ ಗೊತ್ತಿರುವ ದ್ರವದ ಬಣ್ಣ, ಇನ್ನೊಂದು ಕಡೆ ರೋಗಿಯ ರಕ್ತದಿಂದ ತಯಾರಿಸಿದ ದ್ರವದ ಬಣ್ಣ, ಎರಡೂ ಸಮವಾಗಿ ಕಾಣುವವರೆಗೆ ತಿರುಗಿಸುತ್ತ ಹೋಗುವುದು. ಅಷ್ಟರಲ್ಲಿ ಇನ್ಸುಲಿನ್ ಬಂದಿತು. ೧೯೨೨ರಿಂದ ಮಧುಮೇಹಿಗಳ ಜೀವವನ್ನು ಉಳಿಸತೊಡಗಿದ ಈ ಔಷಧ ಅಳತೆ ಹೆಚ್ಚಾದರೆ ಜೀವವನ್ನು ತೆಗೆಯಲೂ ಬಲ್ಲದು. ಅಳತೆಯನ್ನು ನಿರ್ಧರಿಸುವುದು ಸಕ್ಕರೆಯ ಅಂಕಿ. ಅಂಕಿಯ ಹಿಂದೆ ಒಬ್ಬರ ಕಣ್ಣು. ಇಲ್ಲಿಂದ ಮುಂದೆ ಪ್ರಯೋಗಶಾಲೆಯ ತಪ್ಪು ಎಂದರೆ ಕಾಗದದ ಮೇಲಿನ ತಪ್ಪಾಗಿ ಉಳಿಯಲಿಲ್ಲ.

ಆದರೂ ಕಾಲು ಶತಮಾನದವರೆಗೆ ಪ್ರಯೋಗಶಾಲೆಗಳನ್ನು ವ್ಯವಸ್ಥಿತವಾಗಿ ಪರೀಕ್ಷಿಸಿ ನೋಡಬೇಕೆಂದು ಹೆಚ್ಚಿನವರಿಗೆ ತೋರಲಿಲ್ಲ. ಆ ಕೆಲಸವನ್ನು ಮಾಡಿದವರು ಅಮೆರಿಕದ ಪೆನ್ಸಿಲ್ವೇನಿಯಾದ ಇಬ್ಬರು, ವಿಲಿಯಂ ಬೆಲ್ಕ್ ಮತ್ತು ವಿಲಿಯಂ ಸಂಡರ್‌ಮನ್. ಅವರು ಮಾಡಿದ ಉಪಾಯ ನೋಡಿದರೆ ಎಷ್ಟು ಸರಳವೆನಿಸುತ್ತದೆ! ಸಕ್ಕರೆ, ಯೂರಿಯಾ, ಕ್ಯಾಲ್ಸಿಯಂ ಮೊದಲಾದವು ಎಷ್ಟೆಷ್ಟು ಇವೆಯೆಂದು ತಮಗೆ ಮೊದಲೇ ತಿಳಿದಿದ್ದ ದ್ರವಗಳನ್ನು ಹಲವು ಆಸ್ಪತ್ರೆಗಳ ಪ್ರಯೋಗಶಾಲೆಗಳಿಗೆ ಕಳುಹಿಸಿ, ಪರೀಕ್ಷಿಸಿ ಉತ್ತರ ಹೇಳಿರೆಂದು ಕೇಳಿದರು. ೫೯ ಪ್ರಯೋಗಶಾಲೆಗಳ ಉತ್ತರಗಳನ್ನು ಒಟ್ಟಿಗೆ ಇಟ್ಟು ೧೯೪೭ರಲ್ಲಿ ಪ್ರಕಟಿಸಿದರು. ಒಂದೇ ದ್ರವ, ಉತ್ತರಗಳು ಮಾತ್ರ ಬೇರೆ ಬೇರೆ. ಅದೂ ಅಲ್ಪಸ್ವಲ್ಪ ವ್ಯತ್ಯಾಸವಲ್ಲ. ಎಷ್ಟು ಹೆಚ್ಚುಕಡಮೆಯಾದರೆ ಕ್ಷಮಿಸಬಹುದೆಂದು ಅವರು ಮೇರೆ ಹಾಕಿಕೊಂಡಿದ್ದರೋ ಆ ಮೇರೆಯ ಹೊರಗೆ ಬಿದ್ದ ಉತ್ತರಗಳೇ ಹೆಚ್ಚಾಗಿದ್ದವು. ಒಂದು ಊರಿನ ಆಸ್ಪತ್ರೆಯಲ್ಲಿ ಆರೋಗ್ಯವಂತನೆನಿಸಿಕೊಂಡವನು ಪಕ್ಕದ ಊರಿನ ಆಸ್ಪತ್ರೆಗೆ ಹೋದರೆ ರೋಗಿಯಾಗಬಹುದು ಎಂದಂತಾಯಿತು.

ಒಂದು ಕಾವ್ಯದ ಐವತ್ತೊಂಬತ್ತು ಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠಾಂತರಗಳನ್ನು ಗುರುತಿಸುವ ಸಂಪಾದಕನ ಕೆಲಸಕ್ಕೂ ಇದಕ್ಕೂ ಸಾಮ್ಯವಿದೆ. ವ್ಯತ್ಯಾಸವೂ ಇದೆ, ಅದು ಮುಖ್ಯವಾದದ್ದು. ನಮಗೆ ಕವಿಯ ಸ್ವಹಸ್ತಪ್ರತಿ ಸಿಗುವುದಿಲ್ಲ. ಮೂಲಪಾಠವೇನಿತ್ತೆಂದು ಪ್ರತಿಗಳಿಂದಲೇ ಊಹಿಸಬೇಕು. ಬೆಲ್ಕ್ ಮತ್ತು ಸಂಡರ್‌ಮನ್ನರ ಕೈಯಲ್ಲಿ ಮೂಲಪಾಠವೇ ಇತ್ತು, ಏಕೆಂದರೆ ಅದನ್ನು ಬರೆದವರು ಅವರೇ. ಹೀಗಾಗಿ ವಾದಕ್ಕೆ ಎಡೆಯಿರಲಿಲ್ಲ. ಕೆಲವೇ ವರ್ಷಗಳಲ್ಲಿ, ೧೯೫೩ರಲ್ಲಿ, ಇಂಗ್ಲೆಂಡಿನ ವೂಟನ್ ಮತ್ತು ಕಿಂಗ್ ತಮ್ಮ ದೇಶದಲ್ಲಿಯೂ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಂಕಿಗಳು ಎಷ್ಟು ಭಿನ್ನವಾಗುತ್ತವೆಂದು ತೋರಿಸಿದರು. ಈ ಸಂಡರ್‌ಮನ್ ಎಂಬವರು ೧೮೯೮ರಲ್ಲಿ ಹುಟ್ಟಿ ೨೦೦೩ರವರೆಗೆ, ನೂರ ನಾಲ್ಕು ವರ್ಷ ಬದುಕಿದರು. ಒಳ್ಳೆಯ ಪಿಟೀಲುವಾದಕರೂ ಆಗಿದ್ದರಂತೆ. ಶ್ರುತಿ ಸ್ವಲ್ಪ ಇಳಿದರೂ ಸಹಿಸದ ಕಿವಿ ಅವರಿಗೆ ಈ ಕೆಲಸದಲ್ಲಿಯೂ ನೆರವಾಗಿರಬೇಕು. ಹೀಗೆ ಹೊರಗಿನಿಂದ ಗುಪ್ತಮೌಲ್ಯದ ದ್ರವ ಕಳುಹಿಸಿ ಪರೀಕ್ಷಿಸುವ ಪದ್ಧತಿ ಮುಂದೆ ಹಲವು ದೇಶಗಳಲ್ಲಿ ನೆಲೆಗೊಂಡಿತು. ಬ್ರಿಟನ್ನಿನಲ್ಲಿ ೧೯೬೯ರಲ್ಲಿ ಬರ್ಮಿಂಗ್‌ಹ್ಯಾಮಿನ ವೈಟ್‌ಹೆಡ್ ಅದನ್ನು ರಾಷ್ಟ್ರೀಯ ಯೋಜನೆಯಾಗಿಯೇ ಆರಂಭಿಸಿದರು. ನಮ್ಮ ದೇಶದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಅಂಥದೊಂದು ಯೋಜನೆಯನ್ನು ನಡೆಸಿಕೊಂಡು ಬಂದಿದೆ.

ಹೊರಗಿನವರ ಪರೀಕ್ಷೆ ವರ್ಷಕ್ಕೆ ಕೆಲವು ಸಲ ಬರುತ್ತದೆ. ಉಳಿದ ದಿನಗಳ ಗತಿಯೇನು? ಇದಕ್ಕೆ ಉತ್ತರ ಬಂದದ್ದು ವೈದ್ಯರಿಂದಲ್ಲ, ಟೆಲಿಫೋನ್ ತಯಾರಿಸುವ ಕಾರ್ಖಾನೆಯಿಂದ. ೧೯೨೪ರ ಮೇ ತಿಂಗಳಿನಲ್ಲಿ ವಾಲ್ಟರ್ ಶೂಹಾರ್ಟ್ ಎಂಬ ತರುಣ ತನ್ನ ಮೇಲಧಿಕಾರಿಗೆ ಒಂದೇ ಪುಟದ ಟಿಪ್ಪಣಿಯೊಂದನ್ನು ಕಳುಹಿಸಿದ. ಅದರಲ್ಲಿ ಒಂದು ನಕ್ಷೆ: ನಡುವೆ ಸರಾಸರಿಯ ಗೆರೆ, ಮೇಲೆ ಕೆಳಗೆ ಮಿತಿಯ ಗೆರೆಗಳು. ಯಾವ ಯಂತ್ರವೂ ದಿನದಿನಕ್ಕೆ ಒಂದೇ ಫಲ ಕೊಡುವುದಿಲ್ಲ, ಸ್ವಲ್ಪ ಹೊಯ್ದಾಟ ಸಹಜ. ಆ ಸಹಜ ಹೊಯ್ದಾಟ ಯಾವುದು, ಏನೋ ಕೆಟ್ಟಿದೆಯೆಂದು ಹೇಳುವ ಹೊಯ್ದಾಟ ಯಾವುದು ಎಂಬುದನ್ನು ಬೇರ್ಪಡಿಸುವುದೇ ನಕ್ಷೆಯ ಉದ್ದೇಶ. ಈ ಶೂಹಾರ್ಟ್ ೧೯೪೭–೪೮ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ಹೊಸದರಲ್ಲಿ, ಪ್ರೊಫೆಸರ್ ಮಹಾಲನೋಬಿಸರ ಆಹ್ವಾನದ ಮೇಲೆ ಕಲ್ಕತ್ತೆಗೆ ಬಂದು ನಮ್ಮ ಕೈಗಾರಿಕಾ ನಗರಗಳಲ್ಲಿ ಉಪನ್ಯಾಸ ಕೊಟ್ಟರು. ಅದರ ಫಲವಾಗಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನವರು ೧೯೫೦ರ ದಶಕದಲ್ಲಿ ತೆರೆದ ಗುಣನಿಯಂತ್ರಣ ಕೇಂದ್ರಗಳಲ್ಲಿ ಒಂದು ಬೆಂಗಳೂರಿನದು. ಗಿರಣಿ ಕಾರ್ಖಾನೆಗಳಿಗೆಂದು ಬಂದ ವಿದ್ಯೆ ಅದು.

ಆ ನಕ್ಷೆಯನ್ನು ರಕ್ತಪರೀಕ್ಷೆಗೆ ತಂದವರು ಲೆವಿ ಮತ್ತು ಜೆನ್ನಿಂಗ್ಸ್, ೧೯೫೦ರಲ್ಲಿ. ರೋಗಿಗಳ ನಳಿಕೆಗಳ ನಡುವೆ ಗೊತ್ತಿರುವ ರಕ್ತರಸದ ನಳಿಕೆಯೊಂದನ್ನು ದಿನವೂ ಸೇರಿಸಿ ಪರೀಕ್ಷಿಸುವುದು, ಬಂದ ಅಂಕಿಯನ್ನು ನಕ್ಷೆಯಲ್ಲಿ ಚುಕ್ಕೆಯಾಗಿ ಇಡುವುದು, ಇದೇ ಇಂದು ಪ್ರಯೋಗಶಾಲೆಗಳಲ್ಲಿ ನಡೆಯುವ ಕ್ರಮ. ಚುಕ್ಕೆ ಗೆರೆಯ ಒಳಗಿದ್ದರೆ ಅಂದಿನ ಕೆಲಸ ಮುಂದುವರಿಯಬಹುದು. ಹೊರಗೆ ಹೋದರೆ ರೋಗಿಗಳ ಅಂಕಿಗಳನ್ನು ಹೊರಗೆ ಬಿಡದೆ ಕಾರಣ ಹುಡುಕಬೇಕು. ಇದಕ್ಕೆ ಲೆವಿ-ಜೆನ್ನಿಂಗ್ಸ್ ನಕ್ಷೆಯೆಂದೇ ಹೆಸರು. ವಾಸ್ತವವಾಗಿ ಇಂದು ಬಳಕೆಯಲ್ಲಿರುವ ರೂಪ ಅವರದಲ್ಲ. ೧೯೫೨ರಲ್ಲಿ ಹೆನ್ರಿ ಮತ್ತು ಸೆಗಲೋವ್ ಎಂಬವರು ಅದನ್ನು ಸರಳಗೊಳಿಸಿದ ರೂಪ. ತಪ್ಪು ಹೆಸರನ್ನು ಹಿಡಿಯುವುದಕ್ಕಾಗಿ ಹುಟ್ಟಿದ ಶಾಸ್ತ್ರದಲ್ಲಿಯೇ ಒಬ್ಬರ ಕೃತಿ ಇನ್ನೊಬ್ಬರ ಅಂಕಿತದಲ್ಲಿ ನಡೆಯುತ್ತಿರುವುದು ತಮಾಷೆಯೇ ಸರಿ. ಕೀರ್ತನೆ ವಚನಗಳ ಅಂಕಿತದ ತೊಡಕುಗಳನ್ನು ಕಂಡ ನಮಗೆ ಇದು ಹೊಸದಲ್ಲ. ಹತ್ತಿರದ ಗೆರೆಯನ್ನೇ ಮಿತಿಯಾಗಿ ಹಿಡಿದರೆ ಎಲ್ಲವೂ ಸರಿಯಾಗಿರುವಾಗಲೂ ಸುಮಾರು ೨೦ಕ್ಕೆ ಒಂದು ಸಲ ಚುಕ್ಕೆ ಹೊರಗೆ ಬಿದ್ದು ಸುಳ್ಳು ಕೂಗು ಎಬ್ಬಿಸುತ್ತದೆ. ಈ ತೊಂದರೆಯನ್ನು ನೀಗಲು ಜೇಮ್ಸ್ ವೆಸ್ಟ್‌ಗಾರ್ಡ್ ೧೯೮೧ರಲ್ಲಿ ಹಲವು ಸೂತ್ರಗಳನ್ನು ಒಟ್ಟಿಗೆ ಅನ್ವಯಿಸುವ ಕ್ರಮವೊಂದನ್ನು ರೂಪಿಸಿದರು.

ಈ ನಡುವೆ ಕಣ್ಣಿನ ಸ್ಥಾನಕ್ಕೆ ಯಂತ್ರ ಬಂದಿತ್ತು. ಕ್ಲೀವ್‌ಲ್ಯಾಂಡಿನ ಲಿಯೊನಾರ್ಡ್ ಸ್ಕೆಗ್ಸ್ ರೂಪಿಸಿದ ಸ್ವಯಂಚಾಲಿತ ಯಂತ್ರ ೧೯೫೭ರಲ್ಲಿ ಮಾರುಕಟ್ಟೆಗೆ ಬಂದಿತು. ಬಳಿಕ ಗಂಟೆಗೆ ನೂರಾರು ಪರೀಕ್ಷೆಗಳು ಆಗತೊಡಗಿದವು. ಅಳತೆಯ ತಪ್ಪು ವರ್ಷವರ್ಷಕ್ಕೂ ಇಳಿಯಿತು. ೧೯೪೭ರ ಅವಮಾನವನ್ನು ಪ್ರಯೋಗಶಾಲೆ ಅಂತೂ ತೊಳೆದುಕೊಂಡಿತು ಎನ್ನುವಷ್ಟರ ಮಟ್ಟಿಗೆ ಇಳಿಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಇದು ವಿಜ್ಞಾನದ ವಿಜಯಗಾಥೆಯಾಗುತ್ತಿತ್ತು. ಆದರೆ ಇಟಲಿಯ ಪಾಡುವಾ ನಗರದಿಂದ ೧೯೯೭ರಲ್ಲಿ ಒಂದು ಲೇಖನ ಬಂದಿತು. ಪಾಡುವಾ ಸಾಮಾನ್ಯ ಊರಲ್ಲ. ವೆಸಾಲಿಯಸ್ ದೇಹವನ್ನು ಕೊಯ್ದು ತೋರಿಸಿದ್ದು ಅಲ್ಲಿ, ರಕ್ತಪರಿಚಲನೆಯನ್ನು ಕಂಡ ಹಾರ್ವೆ ಪದವಿ ಪಡೆದದ್ದು ಅಲ್ಲಿ, ರೋಗದ ನೆಲೆ ಅವಯವಗಳಲ್ಲಿದೆಯೆಂದು ಮೊರ್ಗಾಗ್ನಿ ೧೭೬೧ರಲ್ಲಿ ಬರೆದದ್ದು ಅಲ್ಲಿ. ಅಲ್ಲಿನ ಆಸ್ಪತ್ರೆಯ ತುರ್ತು ಪ್ರಯೋಗಶಾಲೆಯಲ್ಲಿ ಮಾರಿಯೊ ಪ್ಲೆಬಾನಿ ಮತ್ತು ಪಾವೊಲೊ ಕರಾರೊ ಎಂಬವರು ಮೂರು ತಿಂಗಳ ಕಾಲ ಪ್ರತಿಯೊಂದು ತಪ್ಪನ್ನೂ ಬೆನ್ನಟ್ಟಿ ಅದು ಹುಟ್ಟಿದ ಸ್ಥಳವನ್ನು ಕಂಡುಹಿಡಿಯಲು ಹೊರಟರು. ೪೦,೪೯೦ ಪರೀಕ್ಷೆಗಳಲ್ಲಿ ೧೮೯ ತಪ್ಪುಗಳು ಸಿಕ್ಕಿದವು. ಸಾವಿರಕ್ಕೆ ಐದಕ್ಕಿಂತ ಕಡಮೆ. ಆ ತಪ್ಪುಗಳಲ್ಲಿ ಯಂತ್ರದ ಬಳಿ, ಅಂದರೆ ಅಳೆಯುವ ಘಟ್ಟದಲ್ಲಿ, ಹುಟ್ಟಿದವು ನೂರಕ್ಕೆ ೧೩.೩ ಮಾತ್ರ. ೬೮.೨ರಷ್ಟು ತಪ್ಪುಗಳು ರಕ್ತ ಯಂತ್ರವನ್ನು ಮುಟ್ಟುವ ಮೊದಲೇ ಆಗಿಹೋಗಿದ್ದವು. ಉಳಿದ ೧೮.೫ ಅಂಕಿ ಸಿದ್ಧವಾದ ಮೇಲೆ, ಅದು ವೈದ್ಯರಿಗೆ ಮುಟ್ಟುವ ದಾರಿಯಲ್ಲಿ ಆದವು. ಅರ್ಧ ಶತಮಾನ ಎಲ್ಲರೂ ದೀಪ ಹಿಡಿದು ಹುಡುಕಿದ್ದು ಯಂತ್ರದ ಸುತ್ತ; ಕಳ್ಳನಿದ್ದದ್ದು ಬಾಗಿಲಿನಲ್ಲಿ.

೧೮೯ರಲ್ಲಿ ಸುಮಾರು ಮುಕ್ಕಾಲು ಪಾಲು ತಪ್ಪುಗಳಿಂದ ರೋಗಿಗೆ ಬಾಧೆಯಾಗಲಿಲ್ಲ. ನೂರಕ್ಕೆ ೧೯ರಷ್ಟರಿಂದ ಬೇಡದ ಪರೀಕ್ಷೆಗಳು ನಡೆದವು. ೬.೪ರಷ್ಟರಲ್ಲಿ ಚಿಕಿತ್ಸೆಯೇ ತಪ್ಪಿತು, ಅಥವಾ ಅಕಾರಣವಾಗಿ ಬದಲಾಯಿತು. ಒಂದು ಆಸ್ಪತ್ರೆ, ಮೂರು ತಿಂಗಳು, ಹನ್ನೆರಡು ಮಂದಿ ಎಂದು ಲೆಕ್ಕ ಹಾಕಿದರೆ ಅಂಕಿಯ ಹಿಂದೆ ಮನುಷ್ಯರು ಕಾಣುತ್ತಾರೆ.

ಯಂತ್ರವನ್ನು ಮುಟ್ಟುವ ಮೊದಲು ಆಗುವ ತಪ್ಪುಗಳೆಂದರೇನು? ಕೆಲವನ್ನು ಹೇಳುತ್ತೇನೆ. ರಕ್ತಕಣಗಳ ಒಳಗೆ ಪೊಟ್ಯಾಸಿಯಂ ಹೇರಳವಾಗಿದೆ, ಹೊರಗಿನ ರಸದಲ್ಲಿ ಅತ್ಯಲ್ಪ. ತೆಳುವಾದ ಸೂಜಿಯಿಂದ ಬಲವಾಗಿ ಎಳೆದರೆ, ನಳಿಕೆಯನ್ನು ಜೋರಾಗಿ ಕುಲುಕಿದರೆ ಕಣಗಳು ಒಡೆದು ಒಳಗಿನದು ಹೊರಕ್ಕೆ ಬರುತ್ತದೆ. ಯಂತ್ರ ಅದನ್ನೂ ಸೇರಿಸಿ ಪ್ರಾಮಾಣಿಕವಾಗಿ ಎಣಿಸುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೆಲವು ನಳಿಕೆಗಳಲ್ಲಿ ಹಾಕಿರುವ ಲವಣದಲ್ಲಿಯೇ ಪೊಟ್ಯಾಸಿಯಂ ಇರುತ್ತದೆ. ಆ ನಳಿಕೆಯ ರಕ್ತದ ಒಂದು ತೊಟ್ಟು ಇನ್ನೊಂದಕ್ಕೆ ಸೇರಿದರೂ ಅಂಕಿ ಕೆಡುತ್ತದೆ. ನಳಿಕೆಗಳ ಮುಚ್ಚಳಕ್ಕೆ ಬಣ್ಣ ಬಣ್ಣ ಇರುವುದೂ, ಯಾವುದಾದ ಮೇಲೆ ಯಾವುದಕ್ಕೆ ತುಂಬಬೇಕೆಂಬ ಕ್ರಮವಿರುವುದೂ ಅಲಂಕಾರಕ್ಕಲ್ಲ. ಸಲೈನ್ ಹೋಗುತ್ತಿರುವ ತೋಳಿನಿಂದಲೇ ರಕ್ತ ತೆಗೆದರೆ ಪರೀಕ್ಷೆಯಾಗುವುದು ಅರ್ಧ ರಕ್ತ, ಅರ್ಧ ಸಲೈನ್. ಇನ್ನು ಸಕ್ಕರೆ: ದೇಹದಿಂದ ಹೊರಬಂದ ಮೇಲೂ ರಕ್ತಕಣಗಳು ಜೀವಂತವಾಗಿದ್ದು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ, ತಡೆಯುವ ಔಷಧವಿಲ್ಲದ ನಳಿಕೆಯಲ್ಲಿ ಗಂಟೆಗೆ ನೂರಕ್ಕೆ ಐದಾರರಷ್ಟು ಇಳಿಯುತ್ತದೆ. ಹಳ್ಳಿಯಲ್ಲಿ ಬೆಳಗ್ಗೆ ತೆಗೆದ ರಕ್ತ ಮಧ್ಯಾಹ್ನದ ಬಸ್ಸಿನಲ್ಲಿ ಪಟ್ಟಣಕ್ಕೆ ಬರುವ ನಮ್ಮಂಥ ಸೀಮೆಗಳಲ್ಲಿ ಇದು ನೆನಪಿಡಬೇಕಾದ ಮಾತು.

ನಮ್ಮ ಮನೆಯಾಕೆಗೇ ಕೆಲವು ವರ್ಷಗಳ ಹಿಂದೆ ಹೀಗಾಯಿತು. ಪೊಟ್ಯಾಸಿಯಂ ೬.೮ ಎಂದು ವರದಿ ಬಂದಿತು. ಐದನ್ನು ಹೆಚ್ಚಾಗಿ ದಾಟಬಾರದು, ಹೃದಯ ನಿಲ್ಲಬಹುದು ಎಂದು ಯಾರೋ ಹೇಳಿದರು. ರಾತ್ರಿಯೇ ದೊಡ್ಡ ಊರಿಗೆ ಹೊರಟೆವು. ಅಲ್ಲಿ ಮತ್ತೆ ರಕ್ತ ತೆಗೆದು ನೋಡಿದರೆ ೪.೩. ಯುವ ವೈದ್ಯರು ನಕ್ಕು, “ಅಮ್ಮಾ, ನಿಮ್ಮ ರಕ್ತಕ್ಕೇನೂ ಆಗಿಲ್ಲ, ತೆಗೆದವರ ಕೈ ಸ್ವಲ್ಪ ಜೋರು” ಎಂದರು. ನಾವೂ ನಗುವುದಕ್ಕೆ ಮಾರನೆಯ ದಿನದವರೆಗೆ ಕಾಯಬೇಕಾಯಿತು.

ಇಂಥ ತಪ್ಪುಗಳಲ್ಲಿ ಯಂತ್ರಕ್ಕಾಗಲಿ ನಕ್ಷೆಗಾಗಲಿ ಎಂದಿಗೂ ಕಾಣದ ತಪ್ಪು ಒಂದಿದೆ. ಅದು ಹೆಸರಿನ ತಪ್ಪು. ನಳಿಕೆಯಲ್ಲಿರುವ ರಕ್ತ ಒಬ್ಬರದು, ಮೇಲಿರುವ ಚೀಟಿ ಇನ್ನೊಬ್ಬರದು. ಅಳತೆ ನಿಷ್ಕೃಷ್ಟ, ಚುಕ್ಕೆ ಗೆರೆಯ ಒಳಗೇ ಇದೆ, ಅಂಕಿ ಸತ್ಯ; ಆದರೆ ಇನ್ನೊಬ್ಬರ ಸತ್ಯ. ಇದರ ಭೀಕರತೆ ಪ್ರಕಟವಾಗುವುದು ರಕ್ತ ಕೊಡುವ ಸಂದರ್ಭದಲ್ಲಿ. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ತನ್ನ ಮತ್ತು ಸಂಗಡಿಗರ, ಒಟ್ಟು ೨೨ ಜನರ ರಕ್ತವನ್ನು ಒಬ್ಬರದರೊಡನೆ ಒಬ್ಬರದನ್ನು ಬೆರೆಸಿ ನೋಡಿ, ಮನುಷ್ಯರ ರಕ್ತದಲ್ಲಿ ಗುಂಪುಗಳಿವೆಯೆಂದು ೧೯೦೧ರಲ್ಲಿ ತೋರಿಸಿದರು. ಮೂರು ಗುಂಪುಗಳನ್ನು ಅವರು ಕಂಡರು, ನಾಲ್ಕನೆಯದನ್ನು ಮರುವರ್ಷ ಬೇರೆಯವರು ಕಂಡರು. ಹೊಂದದ ರಕ್ತ ಒಳಗೆ ಹೋದರೆ ದೇಹ ಅದರ ಕಣಗಳನ್ನು ಒಡೆದುಹಾಕುತ್ತದೆ. ಮೂತ್ರಪಿಂಡ ಸೋಲುತ್ತದೆ, ಜೀವವೂ ಹೋಗಬಹುದು. ಅಲ್ಲಿಯವರೆಗೆ ರಕ್ತ ಕೊಟ್ಟಾಗ ಒಬ್ಬರು ಬದುಕಿ ಒಬ್ಬರು ಸಾಯುತ್ತಿದ್ದ ರಹಸ್ಯ ಹೀಗೆ ಬಿಡಿಸಿಕೊಂಡಿತು. ಗುಂಪು ನೋಡಿ ಕೊಡುವುದು ಕಡ್ಡಾಯವಾದ ಮೇಲೂ ಸಾವುಗಳು ಪೂರ್ತಿ ನಿಲ್ಲಲಿಲ್ಲ. ನ್ಯೂಯಾರ್ಕ್ ಸಂಸ್ಥಾನದಲ್ಲಿ ಹತ್ತು ವರ್ಷಗಳ ದಾಖಲೆಗಳನ್ನು ಪರಿಶೀಲಿಸಿ ೨೦೦೦ದಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ೧೯,೦೦೦ ಚೀಲ ರಕ್ತಕ್ಕೆ ಒಂದು ತಪ್ಪು ರೋಗಿಗೆ ಹೋಗುತ್ತಿತ್ತು. ಅರ್ಧದಷ್ಟು ತಪ್ಪುಗಳು ನಡೆದದ್ದು ರಕ್ತನಿಧಿಯ ಹೊರಗೆ: ರಕ್ತ ತೆಗೆಯುವಲ್ಲಿ, ಅದಕ್ಕಿಂತ ಹೆಚ್ಚಾಗಿ ಚೀಲವನ್ನು ತಂದು ತೂಗುಹಾಕುವಲ್ಲಿ. ಹತ್ತು ದೇಶಗಳ ಆಸ್ಪತ್ರೆಗಳನ್ನು ಒಳಗೊಂಡ ೨೦೦೩ರ ಇನ್ನೊಂದು ಅಧ್ಯಯನದಲ್ಲಿ ಸುಮಾರು ಎರಡು ಸಾವಿರ ನಳಿಕೆಗಳಿಗೆ ಒಂದರಲ್ಲಿ ಚೀಟಿಯ ಹೆಸರಿನವರದಲ್ಲದ ರಕ್ತವಿತ್ತು. ಇದು ಪತ್ತೆಯಾಗುವುದು ಆ ರೋಗಿಯ ಗುಂಪು ಹಿಂದೆಯೇ ದಾಖಲಾಗಿದ್ದರೆ ಮಾತ್ರ. ಅದಲುಬದಲಾದ ಇಬ್ಬರೂ ಒಂದೇ ಗುಂಪಿನವರಾದರೆ ಯಾರಿಗೂ ತಿಳಿಯುವುದಿಲ್ಲ. ಈ ಕಾರಣದಿಂದಲೇ ಹೊಸ ರೋಗಿಗೆ ರಕ್ತ ಕೊಡುವ ಮೊದಲು ಬೇರೆ ಸಮಯದಲ್ಲಿ ಎರಡನೆಯ ಸಲ ರಕ್ತ ತೆಗೆದು ಗುಂಪನ್ನು ತಾಳೆ ನೋಡುವ ನಿಯಮ ಹಲವೆಡೆ ಬಂದಿದೆ.

ಯಾವ ಪರೀಕ್ಷೆಯೂ ತಪ್ಪದೆ ಅನಾಹುತವಾದ ಪ್ರಸಂಗವೂ ಉಂಟು. ೨೦೦೩ರ ಫೆಬ್ರವರಿಯಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ಹದಿನೇಳು ವರ್ಷದ ಹುಡುಗಿಯೊಬ್ಬಳಿಗೆ ಹೃದಯವನ್ನೂ ಶ್ವಾಸಕೋಶಗಳನ್ನೂ ಕಸಿ ಮಾಡಿದರು. ಹುಡುಗಿಯ ಗುಂಪು ಓ. ದಾನಿಯ ಗುಂಪು ಎ. ಎರಡನ್ನೂ ಪ್ರಯೋಗಶಾಲೆಗಳು ಸರಿಯಾಗಿಯೇ ಗುರುತಿಸಿದ್ದವು, ಎರಡೂ ಕಾಗದದಲ್ಲಿದ್ದವು. ಹಲವರ ಕೈದಾಟಿದ ಆ ಕಾಗದಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದವರು ಮಾತ್ರ ಯಾರೂ ಇರಲಿಲ್ಲ. ಇನ್ನೊಬ್ಬರು ನೋಡಿರುತ್ತಾರೆಂದು ಪ್ರತಿಯೊಬ್ಬರೂ ನಂಬಿದ್ದರು. ಎರಡನೆಯ ಕಸಿಯೂ ಅವಳನ್ನು ಉಳಿಸಲಿಲ್ಲ. ಶಸ್ತ್ರವೈದ್ಯರು ಹೊಣೆಯನ್ನು ಬಹಿರಂಗವಾಗಿ ಒಪ್ಪಿಕೊಂಡರು.

ಇಲ್ಲಿ ಹೊಣೆಯ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಲಿಪಿಕಾರರು ಪ್ರತಿಯ ಕೊನೆಯಲ್ಲಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕು, ನನ್ನನ್ನು ದೂಷಿಸಬಾರದು ಎಂದು ಬೇಡಿಕೊಳ್ಳುವ ಸಂಪ್ರದಾಯವಿತ್ತು. ಬೆನ್ನು ಬಗ್ಗಿ ಕಣ್ಣು ಮಂಜಾಗಿ ಬರೆದಿದ್ದೇನೆ ಎಂದು ಹೇಳಿಕೊಂಡವರೂ ಉಂಟು. ೧೯೯೯ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಪ್ರಕಟಿಸಿದ ವರದಿಯ ಹೆಸರಿನಲ್ಲಿಯೇ ತಪ್ಪುವುದು ಮನುಷ್ಯಸಹಜವೆಂಬ ಮಾತಿತ್ತು. ಆ ದೇಶದ ಆಸ್ಪತ್ರೆಗಳಲ್ಲಿ ತಡೆಯಬಹುದಾದ ತಪ್ಪುಗಳಿಂದ ವರ್ಷಕ್ಕೆ ೪೪,೦೦೦ದಿಂದ ೯೮,೦೦೦ ಜನ ಸಾಯುತ್ತಿದ್ದಾರೆಂದು ಅದು ಅಂದಾಜು ಮಾಡಿತು. ವ್ಯಕ್ತಿಯನ್ನು ಶಿಕ್ಷಿಸುವುದಕ್ಕಿಂತ ವ್ಯವಸ್ಥೆಯನ್ನು ತಿದ್ದಿರಿ ಎಂದು ಹೇಳಿತು. ಶಿಕ್ಷೆಗೆ ಹೆದರಿದವನು ತಪ್ಪನ್ನು ಬಚ್ಚಿಡುತ್ತಾನೆ, ಬಚ್ಚಿಟ್ಟ ತಪ್ಪಿನಿಂದ ಯಾರೂ ಕಲಿಯುವುದಿಲ್ಲ ಎಂಬುದು ನಿಜ. ಪಾಡುವಾದವರು ತಮ್ಮ ತಪ್ಪನ್ನು ತಾವೇ ಎಣಿಸಿ ಜಗತ್ತಿಗೆ ಹೇಳಿದ್ದರಿಂದಲೇ ನಮಗೆ ಇಷ್ಟೆಲ್ಲ ತಿಳಿದಿದೆ.

ಆದರೆ ವ್ಯವಸ್ಥೆ ಎಂಬ ಮಾತಿನ ಹಿಂದೆ ಎಲ್ಲರೂ ಅಡಗಿಕೊಳ್ಳಲು ಬಿಡಬಾರದೆಂದು ನನಗೆ ತೋರುತ್ತದೆ. ವ್ಯವಸ್ಥೆಯನ್ನು ಕಟ್ಟಿದವರೂ ಮನುಷ್ಯರೇ. ಗರ್ಭಕೋಶದ ಕೊರಳಿನ ಕ್ಯಾನ್ಸರನ್ನು ಮೊದಲೇ ಹಿಡಿಯುವ ಪಾಪಾನಿಕೊಲಾವ್ ಪರೀಕ್ಷೆಯನ್ನು ತೆಗೆದುಕೊಳ್ಳಿ. ಗಾಜಿನ ಪಟ್ಟಿಯ ಮೇಲಿನ ಸಾವಿರಾರು ಕೋಶಗಳಲ್ಲಿ ಕೆಟ್ಟ ಕೆಲವನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕುವ ಕೆಲಸ ಅದು. ಕರಡು ತಿದ್ದುವವನ ಕೆಲಸದಂತೆ, ಕಣ್ಣು ದಣಿದರೆ ತಪ್ಪು ಕಣ್ಣೆದುರೇ ದಾಟಿಹೋಗುತ್ತದೆ. ಅಮೆರಿಕದ ಕೆಲವು ಪ್ರಯೋಗಶಾಲೆಗಳಲ್ಲಿ ಪಟ್ಟಿಗೆ ಇಷ್ಟು ಎಂದು ಕೂಲಿ ಕೊಟ್ಟು ಅತಿಯಾಗಿ ದುಡಿಸಿಕೊಳ್ಳುತ್ತಿದ್ದರೆಂದೂ, ಹಾಗಾಗಿ ಕ್ಯಾನ್ಸರ್ ಇದ್ದವರಿಗೆ ಇಲ್ಲವೆಂಬ ವರದಿ ಹೋಗುತ್ತಿತ್ತೆಂದೂ ವಾಲ್ಟರ್ ಬೊಗ್ಡನಿಚ್ ಎಂಬ ಪತ್ರಕರ್ತ ೧೯೮೭ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ಬಯಲು ಮಾಡಿದರು. ೧೯೮೮ರಲ್ಲಿ ಕಾನೂನು ಬಂದಿತು. ಅದರಡಿಯ ನಿಯಮದಂತೆ ಒಬ್ಬರು ದಿನಕ್ಕೆ ೧೦೦ಕ್ಕಿಂತ ಹೆಚ್ಚು ಪಟ್ಟಿ ನೋಡುವಂತಿಲ್ಲ. ೧೯೯೫ರಲ್ಲಿ ಮಿಲ್ವಾಕಿ ನಗರದ ಬಳಿಯ ಪ್ರಯೋಗಶಾಲೆಯೊಂದರ ಮೇಲೆ ಇಬ್ಬರು ಹೆಂಗಸರ ಸಾವಿಗಾಗಿ ನರಹತ್ಯೆಯ ಆಪಾದನೆಯನ್ನೇ ಹೊರಿಸಲಾಯಿತು. ದಣಿದ ಕಣ್ಣನ್ನು ಕ್ಷಮಿಸಬಹುದು. ದಣಿಸಿ ಲಾಭ ಎಣಿಸಿದ ಕೈಯನ್ನು ಹೇಗೆ ಕ್ಷಮಿಸುವುದು?

ಅಂಕಿ ಸಿದ್ಧವಾದ ಮೇಲಿನ ತಪ್ಪುಗಳ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಜಾರ್ಜ್ ಲುಂಡ್‌ಬರ್ಗ್ ಎಂಬ ಅಮೆರಿಕನ್ ವೈದ್ಯರು ೧೯೭೨ರಲ್ಲಿ, ಜೀವಕ್ಕೆ ಅಪಾಯ ಸೂಚಿಸುವ ಅಂಕಿ ಬಂದರೆ ಪ್ರಯೋಗಶಾಲೆಯವರು ಕಾಗದ ಹೋಗುವವರೆಗೆ ಕಾಯದೆ ಒಡನೆಯೇ ವೈದ್ಯರಿಗೆ ತಿಳಿಸಬೇಕೆಂಬ ಪದ್ಧತಿಯನ್ನು ಮುಂದಿಟ್ಟರು. ಪರೀಕ್ಷೆ ವೈದ್ಯರ ಮಿದುಳಿನಲ್ಲಿ ಪ್ರಶ್ನೆಯಾಗಿ ಹುಟ್ಟಿ, ಉತ್ತರವಾಗಿ ಅಲ್ಲಿಗೇ ಮರಳಿದಾಗ ಮಾತ್ರ ಪೂರ್ಣವಾಗುತ್ತದೆಂದು ಅವರೇ ೧೯೮೧ರಲ್ಲಿ ವಿವರಿಸಿದರು. ಫೋನಿನಲ್ಲಿ ಹೇಳಿದ ಅಂಕಿಯನ್ನು ಕೇಳಿದವರು ಬರೆದುಕೊಂಡು, ಬರೆದದ್ದನ್ನು ತಿರುಗಿ ಓದಿ ಹೇಳಬೇಕೆಂಬ ನಿಯಮವನ್ನು ಅಲ್ಲಿನ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ೨೦೦೩ರಲ್ಲಿ ಜಾರಿಗೆ ತಂದಿತು. ಫಿಫ್ಟೀನ್ ಎಂದದ್ದು ಫಿಫ್ಟಿ ಎಂದು ಕೇಳಿಸಬಾರದಲ್ಲ. ಗುರು ಹೇಳಿದ್ದನ್ನು ಶಿಷ್ಯ 'ತಿರುಗಿ' ಹೇಳುವ, ಪದಗಳನ್ನು ಮುಂದೆ ಹಿಂದೆ ಹೆಣೆದು ಒಂದಕ್ಷರವೂ ಜಾರದಂತೆ ಕಾಯುವ ವೇದಪಾಠದ ಕ್ರಮ ನೆನಪಾಗುತ್ತದೆ.

ಅದೇ ೨೦೦೩ರಲ್ಲಿ ಬಂದ ಮತ್ತೊಂದು ನಿಯಮ, ರೋಗಿಯನ್ನು ಕನಿಷ್ಠ ಎರಡು ಗುರುತುಗಳಿಂದ ಖಚಿತಪಡಿಸಿಕೊಳ್ಳಬೇಕೆಂಬುದು: ಸಾಮಾನ್ಯವಾಗಿ ಹೆಸರು ಮತ್ತು ಹುಟ್ಟಿದ ದಿನ. ಕೋಣೆಯ ಸಂಖ್ಯೆ, ಮಂಚದ ಸಂಖ್ಯೆ ಗುರುತಲ್ಲ, ರೋಗಿ ಮಂಚ ಬದಲಿಸಬಹುದು. ಅದೇ ವರ್ಷ ವೈದ್ಯಕೀಯ ಪ್ರಯೋಗಶಾಲೆಗಳಿಗೆಂದೇ ಐಎಸ್‌ಒ ೧೫೧೮೯ ಎಂಬ ಅಂತರರಾಷ್ಟ್ರೀಯ ಮಾನಕವೂ ಪ್ರಕಟವಾಯಿತು. ನಮ್ಮ ದೇಶದಲ್ಲಿ ಮಾನ್ಯತೆ ಪಡೆದ ಪ್ರಯೋಗಶಾಲೆಗಳು ಅದನ್ನು ಅನುಸರಿಸುತ್ತವೆ. ಪಾಡುವಾದವರು ಹತ್ತು ವರ್ಷಗಳ ಬಳಿಕ ಮತ್ತೊಮ್ಮೆ ತಮ್ಮ ತಪ್ಪುಗಳನ್ನು ಎಣಿಸಿ ೨೦೦೭ರಲ್ಲಿ ಪ್ರಕಟಿಸಿದರು. ೫೧,೭೪೬ ಪರೀಕ್ಷೆಗಳಲ್ಲಿ ೧೬೦ ತಪ್ಪುಗಳು. ಕಡಮೆಯಾಗಿತ್ತು, ಆದರೆ ಅವುಗಳಲ್ಲಿ ೬೧.೯ರಷ್ಟು ಆಗಲೂ ಯಂತ್ರಕ್ಕೆ ಮುಂಚಿನವೇ.

ಎರಡು ಗುರುತುಗಳ ನಿಯಮ ನಮ್ಮ ನಾಡಿಗೆ ಬಂದಾಗ ಅದಕ್ಕೆ ಎದುರಾಗುವ ತೊಡಕುಗಳು ಬೇರೆ. ಒಂದು ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮನವರು, ಮೂವರು ಮಂಜುನಾಥರು ಇರುವುದು ಅಪರೂಪವಲ್ಲ. ಹುಟ್ಟಿದ ದಿನ ಕೇಳೋಣವೆಂದರೆ ಹಿಂದಿನ ತಲೆಮಾರಿನ ಎಷ್ಟೋ ಜನರಿಗೆ ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದ ಜೂನ್ ಒಂದೇ ಜನ್ಮದಿನ. ಶಾಲೆಗೇ ಹೋಗದವರಿಗೆ ಅದೂ ಇಲ್ಲ. ಗಂಡನ ಹೆಸರು ಕೇಳಿದರೆ ಹಳೆಯ ಕಾಲದ ಹೆಂಗಸರು ಬಾಯಿಬಿಟ್ಟು ಹೇಳುವುದಿಲ್ಲ. ನಕ್ಕು ಪಕ್ಕದವರ ಕಡೆ ನೋಡುತ್ತಾರೆ. ಆದ್ದರಿಂದ ಆಸ್ಪತ್ರೆಯವರು ಕೊಡುವ ನೋಂದಣಿ ಸಂಖ್ಯೆ, ಮಣಿಕಟ್ಟಿಗೆ ಕಟ್ಟುವ ಪಟ್ಟಿ ಇವು ಇಲ್ಲಿ ಇನ್ನೂ ಅಗತ್ಯ. ಜೊತೆಗೆ ಬಲ್ಲ ಟೆಕ್ನಿಷಿಯನ್ನರು ಪಾಲಿಸುವ ಎರಡು ಕ್ರಮಗಳಿವೆ. ಖಾಲಿ ನಳಿಕೆಗೆ ಮೊದಲೇ ಚೀಟಿ ಅಂಟಿಸಿಟ್ಟುಕೊಳ್ಳುವುದಿಲ್ಲ, ಮೇಜಿಗೆ ಹಿಂದಿರುಗಿದ ಮೇಲೂ ಅಂಟಿಸುವುದಿಲ್ಲ. ರಕ್ತ ತೆಗೆದ ಒಡನೆ, ರೋಗಿಯ ಪಕ್ಕದಲ್ಲಿಯೇ ಅಂಟಿಸುತ್ತಾರೆ. ಇನ್ನೊಂದು, “ನೀವು ಲಕ್ಷ್ಮಮ್ಮನವರೇ?” ಎಂದು ಕೇಳುವುದಿಲ್ಲ. ಕಿವಿ ಮಂದವಾದ, ಭಯಗೊಂಡ, ಬಿಳಿಯ ಕೋಟಿನವರು ಏನು ಕೇಳಿದರೂ ಹೂಂ ಎನ್ನುವುದೇ ಮರ್ಯಾದೆಯೆಂದು ತಿಳಿದ ಅಜ್ಜಿ ಅದಕ್ಕೂ ಹೂಂ ಎನ್ನುತ್ತಾಳೆ. “ನಿಮ್ಮ ಹೆಸರೇನಮ್ಮಾ?” ಎಂದು ಕೇಳುತ್ತಾರೆ. ಅಜ್ಜಿ ಮೊದಲು ಊರನ್ನು ಹೇಳುತ್ತಾಳೆ, ಆಮೇಲೆ ಮಗನ ಹೆಸರನ್ನು, ಅವನು ಯಾವ ಕೆಲಸದಲ್ಲಿದ್ದಾನೆಂಬುದನ್ನು. ಸೂಜಿಯನ್ನು ಕೈಯಲ್ಲಿ ಹಿಡಿದವರು ಅವಳ ಬಾಯಿಂದ ಅವಳದೇ ಹೆಸರು ಬರುವವರೆಗೆ ಕಾಯಬೇಕು.